ಓದುಗರು ಕೇಳಿದ್ದು: ನಾಯಿ, ಮರಳು, ಹುಳ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ದಿನಾ ಸಂಜೆ ಮಗಳನ್ನೂ ನಾಯಿಯನ್ನೂ ಕರ್ಕೊಂಡು ಟಾಗೋರ್ ಬೀಚಿಗೆ ಹೋಗ್ತೇವೆ. ಹೋದ ವಾರದಿಂದ ಅವಳ ಅಂಗಾಲಿನ ಪಕ್ಕ ಕೆಂಪು ದಾರ ಇಟ್ಟ ಹಾಗೆ ಒಂದು ಗೆರೆ ಎದ್ದಿದೆ, ಅಂಕುಡೊಂಕಾಗಿ ದಿನಾ ಸ್ವಲ್ಪ ಮುಂದೆ ಹೋಗ್ತದೆ, ರಾತ್ರಿಯೆಲ್ಲ ತುರಿಕೆ, ನಿದ್ದೆ ಇಲ್ಲ. ಗಜಕರ್ಣದ ಮುಲಾಮು ಹಚ್ಚಿದ್ರೂ ಕಮ್ಮಿ ಆಗಲಿಲ್ಲ. ಅತ್ತೆಯವ್ರು ನಾಯಿ ಮನೆಯಲ್ಲಿ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ.
– ಒಬ್ಬ ತಾಯಿ, ಕಾರವಾರ

ಉತ್ತರ: ನಾಯಿ ಇರಲಿ ಬಿಡಿ, ಮೊದ್ಲು ಮಗುನ ಚರ್ಮದ ಡಾಕ್ಟ್ರ ಹತ್ರ ತೋರ್ಸಿ. ನೀವು ಬರೆದದ್ದು ನೋಡಿದ್ರೆ ನಾಯಿ-ಬೆಕ್ಕಿನ ಕೊಕ್ಕೆಹುಳದ ಮರಿ ಚರ್ಮದೊಳಗೆ ಹೊಕ್ಕ ಹಾಗೆ ಕಾಣ್ತದೆ, ಅವರಿಗೆ ಗೆರೆ ನೋಡಿದ್ರೇ ಗೊತ್ತಾಗ್ತದೆ. ಆಲ್ಬೆಂಡಜೋಲ್ ಇಲ್ಲಾ ಐವರ್‌ಮೆಕ್ಟಿನ್ ಕೊಡ್ತಾರೆ, ಎಷ್ಟು ಕೊಡಬೇಕು ಅನ್ನೋದು ಅವರು ಹೇಳ್ಲಿ, ನಾನು ನಾಯಿ-ದನದ ಡಾಕ್ಟ್ರು. ಗಜಕರ್ಣದ ಮುಲಾಮು ಇದಕ್ಕೆ ನಾಟೋದಿಲ್ಲ. ಕೆಲವರು ಗೆರೆ ತುದಿಗೆ ಐಸ್ ಇಡೋದು, ಸುಡೋದು ಎಲ್ಲ ಮಾಡ್ತಾರೆ, ಅದು ದಂಡ, ಯಾಕಂದ್ರೆ ಹುಳ ಆ ತುದಿಯಲ್ಲಿ ಇರೋದೇ ಇಲ್ಲ, ಅದಾಗ್ಲೇ ಒಂದೆರಡು ಸೆಂಟಿಮೀಟರ್ ಮುಂದೆ ಹೋಗಿರ್ತದೆ.

ಆಗೋದು ಹೀಗೆ. ನಾಯಿ ಮರಳಲ್ಲಿ ಹೇಲು ಹಾಕಿ ಹೋಗ್ತದೆ, ಅದರಲ್ಲಿದ್ದ ಮೊಟ್ಟೆ ಒಡೆದು ಒಂದು ವಾರ-ಹತ್ತು ದಿನದೊಳಗೆ ಚರ್ಮ ತೂರೋ ಮರಿ ತಯಾರಾಗ್ತದೆ, ಅದಕ್ಕೆ ನೆರಳು, ಪಸೆ, ಬೆಚ್ಚಗಿನ ಹವೆ ಇಷ್ಟಿದ್ರೆ ಸಾಕು. ನಮ್ಮ ಕರಾವಳಿಯಲ್ಲಿ ಮೂರಕ್ಕೂ ಬರ ಇಲ್ಲ. ನಾಯಿಗಾದ್ರೆ ಚರ್ಮದಿಂದ ಒಳಗೆ ಹೋಗಿ ಕರುಳು ಸೇರ್ತದೆ, ಮನುಷ್ಯನ ಚರ್ಮದಲ್ಲಿ ಸಾಮಾನ್ಯವಾಗಿ ಮೇಲಿನ ಪದರದಿಂದ ಕೆಳಗೆ ಇಳಿಯೋಕೆ ಆಗದೆ ದಾರಿ ತಪ್ಪಿದ ಟೂರಿಸ್ಟ್ ಥರ ಅಲ್ಲೇ ಸುತ್ತಾಡ್ತದೆ. ಹಾಗಾಗಿ ಬೀಚಿಗೆ ಹೋಗೋದೇ ಬೇಡ ಅಂತಲ್ಲ, ಗಾಳಿಮರದ ನೆರಳಿನ ಮರಳಲ್ಲಿ ಬರಿಗಾಲಲ್ಲಿ ಓಡಾಡೋದು, ಕೂರೋದು ಬೇಡ, ಭರತದ ನೀರು ತೊಳ್ದು ಹೋಗೋ ಕಡೆ ಆಡ್ಲಿ.

ಇನ್ನು ನಿಮ್ಮ ನಾಯಿ. ಆ ಮರಿ ನಿಮ್ಮ ನಾಯಿದೋ ಬೀದಿ ನಾಯಿದೋ ಹೇಳೋಕೆ ಬರೋದಿಲ್ಲ. ಅದರ ಹೇಲು ಒಂದು ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ತಗೊಂಡು ಹೋಗಿ ಟೆಸ್ಟ್ ಮಾಡ್ಸಿ, ತೂಕ ಹಾಕಿ ಹುಳದ ಮಾತ್ರೆ ಕೊಡ್ಸಿ. ತೂಕ ಅಂತ ಯಾಕೆ ಹೇಳ್ದೆ ಅಂದ್ರೆ ಮೆಡಿಕಲ್ ಶಾಪಲ್ಲಿ ‘ನಾಯಿ ಮಾತ್ರೆ ಒಂದು ಕೊಡಿ’ ಅಂತ ತಂದು ಮೂವತ್ತು ಕೆಜಿ ಲ್ಯಾಬ್ರಡಾರಿಗೆ ಹತ್ತು ಕೆಜಿ ಲೆಕ್ಕದ ಒಂದೇ ಮಾತ್ರೆ ಹಾಕಿ, ಕೊಟ್ಟಾಯ್ತು ಅನ್ನೋರು ಬಹಳ ಜನ. ವಾಕಿಂಗಿಗೆ ಹೋಗುವಾಗ ಕಿಸೆಯಲ್ಲಿ ಎರಡು ಪ್ಲಾಸ್ಟಿಕ್ ಕೊಟ್ಟೆ ಇರ್ಲಿ, ಹಾಕಿದ ಕೂಡ್ಲೇ ಎತ್ತಿ. ಬೀದಿ ನಾಯಿಗೆ ಯಾರು ಮಾತ್ರೆ ಕೊಡ್ತಾರೆ ಅಂತ ನಿಮ್ಮತ್ತೆ ಕೇಳ್ಬಹುದು, ಸರಿಯಾದ ಪ್ರಶ್ನೆನೇ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದಲ್ಲಿ ಹಿಡಿದ ನಾಯಿಗೆ ಆಪರೇಷನ್, ಲಸಿಕೆ ಜೊತೆ ಹುಳದ ಔಷಧಿನೂ ಕೊಟ್ಟೇ ವಾಪಸ್ ಬಿಡಬೇಕು ಅಂತಿದೆ, ನಗರಸಭೆಗೆ ಅರ್ಜಿ ಬರೆಯುವಾಗ ಅದನ್ನೂ ಸೇರ್ಸಿ.

ಪ್ರಶ್ನೆ: ಸರ್, ಫೆಬ್ರವರಿ 10ಕ್ಕೆ ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡ್ತೇವಲ್ಲ, ನಾಯಿ ಹುಳಕ್ಕೂ ಅದೇ ಸಾಕಾ? ನಮ್ಮ ಅಂಗಳದ ಮರಳು ರಾಶಿ ಪಕ್ಕ ಬೀದಿ ನಾಯಿ ಐದು ಮರಿ ಹಾಕಿದೆ, ಮಕ್ಕಳು ಬಿಡೋದೇ ಇಲ್ಲ.
– ಅಂಗನವಾಡಿ ಅಕ್ಕೋರು, ಕುಮಟಾ

ಉತ್ತರ: ಸಾಕಾಗೋದಿಲ್ಲ ಅಕ್ಕೋರೆ. ಆ ಒಂದು ಮಾತ್ರೆ ಮಕ್ಕಳ ಕರುಳಲ್ಲಿರೋ ಮನುಷ್ಯರ ಹುಳಕ್ಕೆ. ನಾಯಿಯ ದುಂಡುಹುಳ, ಟಾಕ್ಸೊಕಾರಾ ಅಂತಾರೆ, ಅದು ಮಗುವಿನ ಕರುಳಲ್ಲಿ ನಿಲ್ಲದೆ ಮರಿ ಹಂತದಲ್ಲೇ ಲಿವರ್ರು, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿಗೂ ಹೋಗ್ತದೆ, ಕಣ್ಣಿಗೆ ಹೋದ್ರೆ ದೃಷ್ಟಿಗೇ ಕುತ್ತು.

ಈ ಹುಳ ಜಾಸ್ತಿ ಇರೋದು ದೊಡ್ಡ ನಾಯಿಯಲ್ಲಲ್ಲ, ಮರಿಯಲ್ಲಿ. ಹುಟ್ಟೋ ಮೊದ್ಲೇ ತಾಯಿ ಹೊಟ್ಟೆಯಲ್ಲೇ ಬಂದಿರ್ತದೆ, ಆಮೇಲೆ ಹಾಲಲ್ಲೂ ಬರ್ತದೆ. ಹೊಟ್ಟೆ ಮಾತ್ರ ಡೊಳ್ಳಾಗಿ ಉಳಿದದ್ದೆಲ್ಲ ಎಲುಬಾಗಿರೋ ಮರಿ ನೋಡಿರ್ತೀರಲ್ಲ, ಅದೇ. ಅದಕ್ಕೇ ಎರಡನೇ ವಾರದಿಂದ ಶುರು ಮಾಡಿ ಎರಡು ವಾರಕ್ಕೊಮ್ಮೆ ಎರಡು ತಿಂಗಳ ತನಕ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ ಔಷಧಿ ಕೊಡೋದು, ತಾಯಿಗೂ ಜೊತೆಗೆ. ಇದರಲ್ಲೂ ಒಂದು ಅನುಕೂಲ ಇದೆ, ಹಸಿ ಹೇಲಲ್ಲಿರೋ ಮೊಟ್ಟೆ ಕೂಡ್ಲೇ ರೋಗ ತರೋದಿಲ್ಲ, ಎರಡರಿಂದ ನಾಲ್ಕು ವಾರ ಮಣ್ಣಲ್ಲಿ ಬಲೀಬೇಕು. ಬಿಟ್ರೆ ವರ್ಷಗಟ್ಟಲೆ ಮಣ್ಣಲ್ಲೇ ಕೂತಿರ್ತದೆ. ಅಂದಂದೇ ಎತ್ತಿ ಹುಗಿದ್ರೆ ಮುಕ್ಕಾಲು ಕೆಲಸ ಆಯ್ತು. ಫಿನೈಲ್, ಬ್ಲೀಚಿಂಗ್ ಪೌಡರಿಗೆಲ್ಲ ಈ ಮೊಟ್ಟೆ ಜಗ್ಗೋದಿಲ್ಲ, ದುಡ್ಡು ಹಾಳು ಮಾಡ್ಬೇಡಿ. ಮರಳ ರಾಶಿಗೆ ತಾಡಪತ್ರಿ ಮುಚ್ಚಿ, ಊಟಕ್ಕೆ ಮುಂಚೆ ಸೋಪು ಹಚ್ಚಿ ಉಗುರಿನ ಸಂದಿ ತೊಳ್ಸಿ, ಅಷ್ಟೇ.

ಪ್ರಶ್ನೆ: ಮಾಂಸದಂಗಡಿಯವ್ರು ಕೊಡೋ ಈಲಿ, ಬೋಟಿ ಹಸಿಯಾಗಿಯೇ ನಾಯಿಗೆ ಹಾಕ್ತೇನೆ. ತಪ್ಪಾ?
– ಶಿರಸಿ ಪೇಟೆಯಿಂದ

ಉತ್ತರ: ತಪ್ಪೇ. ಕುರಿ-ದನದ ಈಲಿ, ಪುಪ್ಪುಸದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆ ಇರ್ತದೆ, ಅದನ್ನ ತಿಂದ ನಾಯಿಯ ಕರುಳಲ್ಲಿ ಒಂದು ಜಾತಿ ಲಾಡಿಹುಳ ಬೆಳೀತದೆ. ಲಾಡಿ ಅಂತ ಹೆಸರಷ್ಟೇ, ಉದ್ದ ಅರ್ಧ ಸೆಂಟಿಮೀಟರ್ ಆಚೀಚೆ, ಹೇಲಲ್ಲಿ ಹುಡುಕಿದ್ರೂ ಕಣ್ಣಿಗೆ ಬೀಳೋದು ಕಷ್ಟ. ಅಕ್ಕೋರಿಗೆ ಹೇಳಿದ ರಿಯಾಯಿತಿ ಇದಕ್ಕಿಲ್ಲ, ಇದರ ಮೊಟ್ಟೆ ಹಸಿಯಿರುವಾಗಲೇ ರೋಗ ತರ್ತದೆ, ನಾಯಿ ಮೈಮೇಲಿನ ಕೂದಲಿಗೂ ಅಂಟಿರ್ತದೆ. ಮನುಷ್ಯನ ಹೊಟ್ಟೆಗೆ ಹೋದ್ರೆ ಲಿವರಲ್ಲಿ ಅದೇ ನೀರುಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗ್ತದೆ, ಎಷ್ಟೋ ಸಲ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸಿಗೋದು. ಹಾಕೋದೇ ಆದ್ರೆ ಮುಕ್ಕಾಲು ಗಂಟೆ ಕುದಿಸಿ ಹಾಕಿ, ಮತ್ತೆ ನಾಯಿಗೆ ಪ್ರಾಜಿಕ್ವಾಂಟೆಲ್ ಇರೋ ಮಾತ್ರೆನೇ ಕೇಳಿ ತಗೊಳ್ಳಿ, ಎಲ್ಲ ಹುಳದ ಮಾತ್ರೆಯಲ್ಲೂ ಅದು ಇರೋದಿಲ್ಲ.

ಪ್ರಶ್ನೆ: ನಾಯಿ ಮೈಮೇಲಿನ ಉಣುಗಿನಿಂದ ಮಂಗನ ಕಾಯಿಲೆ ಬರ್ತದಾ?
– ಸಿದ್ದಾಪುರ

ಉತ್ತರ: ಮನೆ ಗೋಡೆ ಸಂದಿಯಲ್ಲೆಲ್ಲ ಇರೋ ನಾಯಿಯ ಕಂದು ಉಣುಗು ಬೇರೆ, ಮಂಗನ ಕಾಯಿಲೆಯ ಕಾಡು ಉಣುಗು ಬೇರೆ. ಆದ್ರೆ ನಿಮ್ಮ ನಾಯಿ ಸೊಪ್ಪಿನಬೆಟ್ಟ ಸುತ್ತಿ ಬರೋದಾದ್ರೆ ಕಾಡಿನದ್ದನ್ನೂ ಹೊತ್ಕೊಂಡು ಬರಬಹುದು, ಅದಕ್ಕೇ ಬೇಸಿಗೆ ಮುಗಿಯೋ ತನಕ ಕಟ್ಟಿ ಹಾಕಿ. ಸಿಕ್ಕ ಉಣುಗನ್ನ ಉಗುರಲ್ಲಿ ಕುಟ್ಟಬೇಡಿ, ಚಿಮಟದಲ್ಲಿ ಬುಡ ಹಿಡಿದು ಎಳ್ದು ಸ್ಪಿರಿಟಿಗೆ ಹಾಕಿ.