ಎಕ್ಸ್‌ರೇಯಲ್ಲಿ ಕಲೆ ಕಂಡರೆ ಟಿಬಿ ತಿರುಗಿ ಬಂದ ಹಾಗೆಯೇ?

ಮಾವನಿಗೆ ಹಿಂದೆ ಟಿಬಿ ಆಗಿತ್ತು, ಈಗಿನ ರಿಪೋರ್ಟ್‌ನಲ್ಲಿ ‘ಬಲಗಡೆ ಮೇಲ್ಭಾಗದಲ್ಲಿ ಫೈಬ್ರೋಸಿಸ್’ (ಅಂದರೆ ಶ್ವಾಸಕೋಶದಲ್ಲಿ ಗಟ್ಟಿಯಾದ ಗಾಯದ ಕಲೆ) ಅಂತಿದೆ, ಫೋಟೋ ನೋಡಿ ಹೇಳಿ ಅಂದಿದ್ದೀರಿ. ನಮ್ಮ ಅಪ್ಪನದ್ದೂ ಇದೇ ಕತೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಪ್ರಾಯದಲ್ಲಿ ಅಪ್ಪನಿಗೆ ಕ್ಷಯ ಬಂದು, ಮದ್ದು ಪೂರ್ತಿ ತಿಂದು ಗುಣವಾಗಿತ್ತು. ಆಗಿನ ಎಕ್ಸ್‌ರೇ ಕಪಾಟಿನಲ್ಲಿ ಭದ್ರವಾಗಿತ್ತು.

2019ರ ಡಿಸೆಂಬರ್ 26ರ ಕಂಕಣ ಗ್ರಹಣದವರೆಗೆ ಮಾತ್ರ. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಚಂದ ಕಾಣುತ್ತದೆ ಎಂದು ಎಲ್ಲರಿಗೂ ಹುರುಪು. ಅಪ್ಪನೇ ಫಿಲ್ಮ್ ತೆಗೆದು, ಕತ್ತರಿಸಿ, ಮಕ್ಕಳಿಗೆಲ್ಲ ಒಂದೊಂದು ತುಂಡು ಹಂಚಿದರು. (ಅದರಲ್ಲಿ ಗ್ರಹಣ ನೋಡಿದರೆ ಕಣ್ಣಿಗೂ ಅಪಾಯ, ಆ ಮಾತು ಬೇರೆ.)

ಆಮೇಲೆ ಹರ್ನಿಯಾ ಆಪರೇಷನ್‌ಗೆಂದು ಮಂಗಳೂರಿಗೆ ಹೋದೆವು. ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ಬಿಳಿ ಗೀರುಗಳು. ಡಾಕ್ಟರು ಮೊದಲು ಕೇಳಿದ್ದೇ ‘ಹಳೇದು ಇದೆಯಾ?’ ಅಂತ. ಇದ್ದಿದ್ದರೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬಹುದಿತ್ತು. ಗೀರು ಹಾಗೇ ಇದ್ದರೆ ಹಳೇ ಕಲೆ. ಹರಡಿದ್ದರೆ, ಇಲ್ಲವೇ ಹೊಸದಾಗಿ ಪೊಟರೆ ಬಿದ್ದಿದ್ದರೆ ಅನುಮಾನ. ಅಪ್ಪನ ಶ್ವಾಸನಾಳ ಬಲಕ್ಕೆ ಎಳೆದುಕೊಂಡಿತ್ತು, ಸುಣ್ಣಗಟ್ಟಿದ ಚುಕ್ಕೆಗಳೂ ಇದ್ದವು. ಇವು ಹಳೇ ಗಾಯ ಒಣಗಿದ ಗುರುತು ಎಂದರು. ಆದರೆ ಒಣಗಿದ ಕಲೆಯ ಪಕ್ಕದಲ್ಲೇ ರೋಗ ಮತ್ತೆ ಏಳಬಹುದಲ್ವಾ? ಒಂದೇ ಎಕ್ಸ್‌ರೇ ನೋಡಿ ಇಲ್ಲ ಎನ್ನಲು ಅವರು ಒಪ್ಪಲಿಲ್ಲ. ಆಪರೇಷನ್ ಮುಂದಕ್ಕೆ ಹಾಕಿದರು. ಕಫ ಪರೀಕ್ಷೆ, ಸಿಟಿ ಸ್ಕ್ಯಾನ್, ಕೆಲವು ತಿಂಗಳು ಬಿಟ್ಟು ಮತ್ತೆ ಎಕ್ಸ್‌ರೇ. ಏನೂ ಬದಲಾಗಿರಲಿಲ್ಲ. ಆ ವರ್ಷದ ಅಡಿಕೆ ದುಡ್ಡು ಬಹುಪಾಲು ಅಲ್ಲಿಗೇ ಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಯಾರು ‘ಟಿಬಿ’ ಅಂದರೂ ನಂಬಬೇಡಿ, ‘ಟಿಬಿ ಅಲ್ಲ’ ಅಂದರೂ ನಂಬಬೇಡಿ. ಹಳೇ ಎಕ್ಸ್‌ರೇ ಹುಡುಕಿ. ಮೊದಲು ಮದ್ದು ಕೊಟ್ಟ ಆಸ್ಪತ್ರೆಯಲ್ಲೂ ವಿಚಾರಿಸಿ.

ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೊಡುವಾಗ ಹಿಂದೆ ಟಿಬಿ ಆಗಿದ್ದನ್ನು ಮುಚ್ಚಿಡಬೇಡಿ. ಕಫಕ್ಕೆ ಮಾಡುವ ಸಿಬಿನಾಟ್ ಎಂಬ ಪರೀಕ್ಷೆ ಹುಡುಕುವುದು ಟಿಬಿ ಕ್ರಿಮಿಯ ಡಿಎನ್‌ಎಯನ್ನು. ಸತ್ತ ಕ್ರಿಮಿಯದ್ದು ಉಳಿದಿದ್ದರೂ ಕೆಲವೊಮ್ಮೆ ಪಾಸಿಟಿವ್ ಬರುತ್ತದೆ. ಆಗ ಕಲ್ಚರ್ ಮಾಡಿ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡಬೇಕಾಗುತ್ತದೆ.

ಮಾವನಿಗೆ ಬಿಡದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇದರಲ್ಲಿ ಯಾವುದಾದರೂ ಇದ್ದರೆ ಹಳೇದನ್ನು ಹುಡುಕುತ್ತಾ ಕೂರಬೇಡಿ. ನಾಳೆಯೇ ಕಫ ಕೊಟ್ಟು ಬನ್ನಿ.