ಹದಿನೇಳನೆಯ ನಂಬರಿನ ಕಲ್ಲು

ಬಂದ್ಯೋಡಿನಿಂದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. 1970ರ ದಶಕದ ಕೊನೆಯಲ್ಲಿ ತಂದೆಯವರ ಅಂಬಾಸಿಡರ್ ಕಾರಿನಲ್ಲಿ ಮನೆಮಂದಿಯೆಲ್ಲ ಗೋವೆಯ ಮಂಗೇಶಿಗೆ ಹೋಗಿಬರುತ್ತಿದ್ದುದು, ಗೋಳಿಮರದ ಕಟ್ಟೆಯಲ್ಲಿ ಬುತ್ತಿ ಬಿಚ್ಚುತ್ತಿದ್ದುದು, ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ದಾಟಲು ಕಾಯುತ್ತಿದ್ದುದು ಎಲ್ಲವೂ ಅದರಲ್ಲಿವೆ. ಅಮೆರಿಕದವರು ರೂಟ್ 66 ಎಂಬ ತಮ್ಮ ಹಳೆಯ ಹೆದ್ದಾರಿಯನ್ನು ಜತನದಿಂದ ಉಳಿಸಿಕೊಂಡಿರುವಾಗ, ಅದೇ ಸಂಖ್ಯೆಯ ನಮ್ಮ ಹೆದ್ದಾರಿಯ ಉದ್ದಕ್ಕೂ, ತಲಪಾಡಿಯಿಂದ ಕಾಸರಗೋಡಿನವರೆಗಾದರೂ, ‘ಐತಿಹಾಸಿಕ ಹೆದ್ದಾರಿ’ ಎಂಬ ಫಲಕಗಳನ್ನು ಹಾಕಿಸಲು ಪತ್ರಿಕೆ ಏಕೆ ಒತ್ತಾಯಿಸಬಾರದು ಎಂಬುದು ಅವರ ಪ್ರಶ್ನೆ. ನೆರೆಮನೆಯ ಬಾವಿಕಟ್ಟೆಯ ಪಕ್ಕದಲ್ಲಿ ಕೊಡಪಾನ ಇಡಲು ಬಳಸುತ್ತಿರುವ ಹಳೆಯ ಕಿಲೋಮೀಟರ್ ಕಲ್ಲೊಂದರ ವಿಚಾರವನ್ನು ಕೊನೆಯಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದಾರೆ.

ಮಾನ್ಯರೆ,

ಮೊದಲು ಸಂಖ್ಯೆಯ ಮಾತು. ಎರಡು ಅರವತ್ತಾರುಗಳ ನಡುವೆ ಯಾವ ನಂಟೂ ಇಲ್ಲ. ಪನ್ವೇಲಿನಿಂದ ಕೊಚ್ಚಿಯ ಇಡಪಳ್ಳಿಯವರೆಗೆ 1,269 ಕಿಲೋಮೀಟರ್ ಉದ್ದವಿದ್ದ ನಮ್ಮ 17ನೆಯ ಹೆದ್ದಾರಿಗೆ 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಬದಲಿಸಿದಾಗ 66 ಎಂಬ ಹೊಸ ಸಂಖ್ಯೆ ಬಂತು. ಉತ್ತರ–ದಕ್ಷಿಣವಾಗಿ ಸಾಗುವ ದಾರಿಗಳಿಗೆ ಸಮಸಂಖ್ಯೆ, ಅದೂ ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಏರುತ್ತಾ ಹೋಗಬೇಕು ಎಂಬುದು ಹೊಸ ಕ್ರಮ. ಆದ್ದರಿಂದ ಪಡುಗಡಲ ಅಂಚಿನ ನಮ್ಮ ದಾರಿಗೆ ಹದಿನೇಳೆಂಬ ಬೆಸಸಂಖ್ಯೆ ಉಳಿಯುವಂತಿರಲಿಲ್ಲ. ಅಮೆರಿಕದಲ್ಲಿ ಕ್ರಮ ತಿರುವುಮುರುವು, ಅಲ್ಲಿ ಪೂರ್ವ–ಪಶ್ಚಿಮದ ದಾರಿಗಳಿಗೆ ಸಮಸಂಖ್ಯೆ.

ಇನ್ನು ಅವರ ದಾರಿ ಉಳಿದದ್ದು ಹೇಗೆಂಬುದನ್ನು ನೋಡೋಣ. 1926ರಲ್ಲಿ ಗುರುತಿಸಲಾದ ರೂಟ್ 66 ಷಿಕಾಗೋದಿಂದ ಕ್ಯಾಲಿಫೋರ್ನಿಯದ ಕಡಲತಡಿಯವರೆಗೆ ಎಂಟು ರಾಜ್ಯಗಳನ್ನು ದಾಟಿ ಸಾಗುತ್ತಿತ್ತು. ವೇಗದ ಹೊಸ ಹೆದ್ದಾರಿಗಳು ಬಂದಾಗ ಅವು ಹಳೆಯ ಊರುಗಳನ್ನು ಬದಿಗಿಟ್ಟು ಹೊರಗಿನಿಂದ ಹಾದುಹೋದವು. ಅರಿಜೋನದ ಸೆಲಿಗ್ಮನ್ ಎಂಬ ಪುಟ್ಟ ಊರಿನ ಪಾಲಿಗೆ ಆ ದಿನ ಬಂದದ್ದು 1978ರ ಸೆಪ್ಟೆಂಬರಿನಲ್ಲಿ. ನಿನ್ನೆಯವರೆಗೆ ಸಾಲುಗಟ್ಟುತ್ತಿದ್ದ ವಾಹನಗಳು ಇಂದು ಇಲ್ಲ ಎಂಬಂತಾಯಿತು. 1985ರಲ್ಲಿ ಆ ಸಂಖ್ಯೆಯನ್ನೇ ಪಟ್ಟಿಯಿಂದ ತೆಗೆದುಹಾಕಲಾಯಿತು. ಅದೇ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲ್ಲೊ ಎಂಬವರು ನೆರೆಹೊರೆಯವರನ್ನು ಸೇರಿಸಿ 1987ರಲ್ಲಿ ಸಂಘ ಕಟ್ಟಿ, ತಮ್ಮ ಭಾಗದ ದಾರಿಯನ್ನು ಐತಿಹಾಸಿಕವೆಂದು ರಾಜ್ಯ ಒಪ್ಪುವಂತೆ ಮಾಡಿದರು. ಅದರ ಹಿಂದೆ ಹಳೆಯ ದಿನಗಳ ಹಂಬಲ ಇದ್ದಿರಬಹುದು, ಆದರೆ ಮೊದಲಿಗೆ ಇದ್ದದ್ದು ಅಂಗಡಿಯ ಬಾಗಿಲು ತೆರೆದಿಡುವ ಚಿಂತೆ.

ನಿಮ್ಮ ಸಲಹೆಯನ್ನು ನಾನು ಒಪ್ಪದಿರಲು ಕಾರಣ ಇಲ್ಲಿಯೇ ಇದೆ. ಅಲ್ಲಿ ಹೊಸ ದಾರಿ ದೂರ ಸರಿದು ಹೋದುದರಿಂದ ಹಳೆಯದು ಅನಾಥವಾಗಿಯಾದರೂ ಬದುಕಿತು. ನಮ್ಮಲ್ಲಿ ಆರು ಪಥಗಳ ಹೆದ್ದಾರಿ ಬಹುಪಾಲು ಹಳೆಯ ದಾರಿಯ ಮೈಮೇಲೆಯೇ 45 ಮೀಟರ್ ಅಗಲಕ್ಕೆ ಹಾಸಿಕೊಂಡಿದೆ. ನಿಮ್ಮ ತಂದೆಯವರ ಅಂಬಾಸಿಡರ್ ಓಡಿದ ಡಾಮರು ಈಗ ಮಣ್ಣಿನ, ಜಲ್ಲಿಯ, ಕಾಂಕ್ರೀಟಿನ ಪದರಗಳ ಅಡಿಯಲ್ಲಿ ಎಲ್ಲೋ ಇದೆ. ಫಲಕ ನೆಡುವುದಾದರೆ ನೆಡಬೇಕಾದದ್ದು ಹೊಸ ಹೆದ್ದಾರಿಯ ಮೇಲೆಯೇ. ತೆಂಕಲಾಗಿ ಹೋದರೆ ಮಾತು ಬೇರೆ: 2024ರಲ್ಲಿ ತೆರೆದ ತಲಶ್ಶೇರಿ–ಮಾಹೆ ಬೈಪಾಸಿನಿಂದಾಗಿ ಅಲ್ಲಿ ಊರೊಳಗಿನ ಹಳೆಯ ದಾರಿ ಹಾಗೆಯೇ ಉಳಿದಿದೆ. (ಮಾಹೆಯ ಅಗ್ಗದ ಸಾರಾಯಿಗಾಗಿ ಬೈಪಾಸು ಬಿಟ್ಟು ಒಳಗೆ ತಿರುಗುವವರನ್ನು ಇತಿಹಾಸಪ್ರಿಯರ ಲೆಕ್ಕಕ್ಕೆ ಸೇರಿಸಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ.)

ಹಳೆಯ ದಾರಿ ಅಷ್ಟು ಒಳ್ಳೆಯದಾಗಿತ್ತೇ ಎಂದೂ ಕೇಳಿಕೊಳ್ಳಬೇಕು. ಕಾಳಿ ನದಿಗೆ ಸೇತುವೆಯಾದದ್ದು 1983ರಲ್ಲಿ. ನೀವು ಕಾಯುತ್ತಿದ್ದ ಆ ತಾಸುಗಳು ಹಿಂದಿನ ಸೀಟಿನ ಮಕ್ಕಳಿಗೆ ಹಬ್ಬವಾಗಿದ್ದರೂ ಕಾರು ಹತ್ತಿಸಿ ಇಳಿಸುವ ಹೊಣೆ ಹೊತ್ತ ತಂದೆಯವರಿಗೆ ಹಾಗಿದ್ದಿರಲಾರದು. ಆ ಸೇತುವೆಯೂ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿಯೊಡನೆ ಕುಸಿದು ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದ್ದೇ ದೊಡ್ಡದು. ನನ್ನ ಶಾಲಾದಿನಗಳಲ್ಲಿ ಮಳೆಗಾಲದ ಬಸ್ಸು ಮೋರಿಯೊಂದರ ಬಳಿ ಎದುರಿನ ಲಾರಿಗೆ ದಾರಿ ಬಿಡಲು ನಿಂತಾಗ, ಕಂಡಕ್ಟರು ಕೊಡೆ ಹಿಡಿದು ಕೆಳಗಿಳಿದು ಟೈರಿಗೂ ಚರಂಡಿಗೂ ನಡುವಿನ ಗೇಣು ಜಾಗವನ್ನು ನೋಡುತ್ತಾ ‘ಬರಲಿ, ಬರಲಿ’ ಎನ್ನುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದೆ. ಅದು ನೆನಪಿಗೆ ಚೆಂದ. ಆದರೆ ಆ ಬಸ್ಸಿನಲ್ಲಿ ಮೊಮ್ಮಕ್ಕಳನ್ನು ಕಳುಹಿಸಲು ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ನಾವು ಕಳೆದುಕೊಂಡದ್ದೇನು? ನನಗೆ ತೋರುವಂತೆ, ನಿಲ್ಲುವ ಜಾಗಗಳನ್ನು. ನಮ್ಮಲ್ಲಿ ಯಾರೂ ಅದನ್ನು ಹೆದ್ದಾರಿ ಎನ್ನುತ್ತಿರಲಿಲ್ಲ, ‘ಮಾರ್ಗ’ ಎಂದರೆ ಸಾಕಿತ್ತು. ಮಾರ್ಗದ ಬದಿಗೆ ಹೋಗಿ ನಿಂತರೆ ಬಸ್ಸು ಬರುತ್ತಿತ್ತು, ಸುದ್ದಿ ಬರುತ್ತಿತ್ತು, ಯಕ್ಷಗಾನದ ಮೇಳದ ಲಾರಿ ಬರುತ್ತಿತ್ತು. ಕುಂಜತ್ತೂರು, ಹೊಸಂಗಡಿ, ಉಪ್ಪಳ, ನಯಾಬಜಾರ್, ಬಂದ್ಯೋಡು, ಕುಂಬಳೆ ಎಂದು ಕಂಡಕ್ಟರು ಒಂದೇ ಉಸಿರಿನಲ್ಲಿ ಕೂಗುತ್ತಿದ್ದುದು ನಮ್ಮ ಸೀಮೆಯ ಭೂಗೋಳ ಪಾಠವಾಗಿತ್ತು. ಈಗ ಮೇಲಿನ ಆರು ಪಥಗಳಲ್ಲಿ ಹೋಗುವವನಿಗೆ ಈ ಹೆಸರುಗಳಲ್ಲಿ ಅರ್ಧದಷ್ಟೂ ಗೊತ್ತಾಗುವುದಿಲ್ಲ. ಎದುರುಗಡೆಯ ಅಂಗಡಿಯಿಂದ ಬೊಂಡ ತರಬೇಕೆಂದರೆ ಅಂಡರ್‌ಪಾಸು ಹುಡುಕಿಕೊಂಡು ನಡೆಯಬೇಕೆಂದು ನೀವು ಬರೆದ ದೂರು ಮಾತ್ರ ನೂರಕ್ಕೆ ನೂರು ನ್ಯಾಯವಾದದ್ದು. ಅದನ್ನು ಹಳಹಳಿಕೆಯ ಪತ್ರದಲ್ಲಿ ಹುದುಗಿಸದೆ ಬೇರೆಯಾಗಿ ಬರೆದುಕೊಡಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಇನ್ನೊಂದು ಮಾತು. ಈ ದಾರಿಯ ಚರಿತ್ರೆ ಹದಿನೇಳರಿಂದ ಆರಂಭವಾದುದಲ್ಲ. 1801ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗಾಗಿ ನಾಡು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರಗಳ ಮೂಲಕ ಮಂಗಳೂರಿನ ಕಡೆಗೆ ಹೋದದ್ದು ಹೆಚ್ಚುಕಡಿಮೆ ಇದೇ ಕರಾವಳಿಯ ಜಾಡಿನಲ್ಲಿ. ಆರಿಕ್ಕಾಡಿಯ ಕೋಟೆ ಇಂದಿಗೂ ಹೆದ್ದಾರಿಯ ಮಗ್ಗುಲಲ್ಲೇ ಇದೆ, ಒಳಗಿನ ಹನುಮಂತನ ಗುಡಿಯ ಮುಂದೆ ಕೈಮುಗಿದು ಹೋಗುವ ಚಾಲಕರೂ ಇದ್ದಾರೆ. 1956ರ ನವೆಂಬರ್ 1ರಂದು ತಲಪಾಡಿಯಲ್ಲಿ ರಾಜ್ಯದ ಗಡಿ ಬಿದ್ದಾಗಲೂ ಮಾರ್ಗ ತುಂಡಾಗಲಿಲ್ಲ. ಇಂದು ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಕಾಸರಗೋಡು–ಮಂಗಳೂರು ನಡುವೆ ಓಡುತ್ತಿವೆ. ಆಸ್ಪತ್ರೆಗೆ, ಕಾಲೇಜಿಗೆ, ಕನ್ನಡ ಪುಸ್ತಕದ ಅಂಗಡಿಗೆ ನಾವು ಹೋಗುವುದು ಅವುಗಳಲ್ಲಿಯೇ.

ಆದ್ದರಿಂದ ಫಲಕದ ಬೇಡಿಕೆಯನ್ನು ಬಿಟ್ಟು ನಿಮ್ಮ ಪತ್ರದ ಕೊನೆಯ ಎರಡು ಸಾಲಿಗೆ ಬರುತ್ತೇನೆ. ಬಾವಿಕಟ್ಟೆಯ ಆ ಕಲ್ಲಿನ ಹಳದಿ ತಲೆ ಸವೆದಿದ್ದರೂ ‘ಎನ್.ಎಚ್. 17’ ಎಂಬುದನ್ನು ಈಗಲೂ ಓದಬಹುದು ಎಂದಿದ್ದೀರಿ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ನಿಮ್ಮ ನೆರೆಯವರದು ಅಸಲಿ ಎಂಬುದರಲ್ಲಿ ಸಂಶಯವಿಲ್ಲ. ಅಗಲೀಕರಣದ ಕಾಲದಲ್ಲಿ ಕಿತ್ತ ಇಂಥ ಕಲ್ಲುಗಳು ಇನ್ನೂ ಯಾರ ಅಂಗಳದಲ್ಲಿ, ಯಾವ ತೋಟದ ತಡಮೆಯಲ್ಲಿ ಬಿದ್ದಿವೆಯೋ ಓದುಗರು ತಿಳಿಸಿದರೆ, ಎಲ್ಲಿಂದ ಕಿತ್ತದ್ದು ಎಂಬ ವಿವರದೊಂದಿಗೆ ಅವುಗಳ ಚಿತ್ರಗಳನ್ನು ಪತ್ರಿಕೆ ಪ್ರಕಟಿಸುತ್ತದೆ. ಮೊದಲ ಚಿತ್ರ ನಿಮ್ಮಿಂದ ಬರಲಿ. ತೆಗೆಯುವ ಮೊದಲು ಕೊಡಪಾನ ಇಳಿಸಿ, ಕಲ್ಲನ್ನು ತುಸು ಹೊರಳಿಸಿ, ಮಣ್ಣಿಗೆ ತಾಗಿರುವ ಮಗ್ಗುಲಲ್ಲಿ ಯಾವ ಊರಿನ ಹೆಸರಿದೆ, ಎಷ್ಟು ಕಿಲೋಮೀಟರ್ ಎಂದಿದೆ ಎಂಬುದನ್ನೂ ನೋಡಿ ಬರೆಯಿರಿ.

– ಸಂಪಾದಕ