ನರ್ಸುಗಳೇ ಮಕ್ಕಳಿಗೆ ಲಸಿಕೆ ಹಾಕಿಸುವುದಿಲ್ಲವಂತೆ, ಹೌದಾ ಅಕ್ಕಾ?

ತಂಗಿ, ಬದಿಯಡ್ಕದಿಂದ ನೀನು ಬರೆದದ್ದು ಓದಿದೆ. ವೀಸಾ ಸಿಕ್ಕಿದೆ, ಬರುವ ತಿಂಗಳು ವೇಲ್ಸಿಗೆ ಹೊರಟಿದ್ದೀ, ಜೊತೆಗೆ ಹತ್ತು ತಿಂಗಳ ಮಗ. ಬಾಡಿಗೆ, ಚಳಿ, ನೈಟ್ ಡ್ಯೂಟಿ ಎಲ್ಲ ಬಿಟ್ಟು ನೀನು ಕೇಳಿದ್ದು ಇದು: 'ಅಲ್ಲಿ ನರ್ಸುಗಳೇ ತಮ್ಮ ಮಕ್ಕಳಿಗೆ ಇಂಜೆಕ್ಷನ್ ಹಾಕಿಸುವುದಿಲ್ಲವಂತೆ, ಹೌದಾ ಅಕ್ಕಾ?'

ಹಾಕಿಸುತ್ತಾರೆ ಮಾರಾಯ್ತಿ. ನನ್ನ ವಾರ್ಡಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ. ಹಾಕಿಸದವರನ್ನೂ ಕಂಡಿದ್ದೇನೆ, ತಡ ಮಾಡಿದವರನ್ನೂ ಕಂಡಿದ್ದೇನೆ. ತಡ ಮಾಡಿದವರಲ್ಲಿ ನಾನೂ ಒಬ್ಬಳು.

ಮಗಳು ಹುಟ್ಟಿದ್ದು 2005ರಲ್ಲಿ, ಇಲ್ಲೇ ವೇಲ್ಸಿನ ಸ್ವಾನ್ಸಿಯಲ್ಲಿ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡುವ ಎಂಎಂಆರ್ ಹೊತ್ತಿಗೆ ನನ್ನ ಕೈಕಾಲು ಆಡಲಿಲ್ಲ. 1998ರಲ್ಲಿ ವೇಕ್‌ಫೀಲ್ಡ್ ಎಂಬ ಡಾಕ್ಟರ್ ಬರೀ ಹನ್ನೆರಡು ಮಕ್ಕಳನ್ನು ನೋಡಿ ಲೇಖನ ಬರೆದು, ಈ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ಹುಟ್ಟಿಸಿದ್ದ. ಸಂಬಂಧವೇ ಇಲ್ಲ ಅಂತ ಅಷ್ಟರಲ್ಲೇ ಬೇರೆ ಬೇರೆ ಅಧ್ಯಯನಗಳು ಹೇಳಿದ್ದವು. ನನಗೆ ಅದು ಗೊತ್ತಿತ್ತು ಕೂಡ. ಆದರೆ ಎಣ್ಮಕಜೆಯಿಂದ ಅಮ್ಮ ಫೋನ್ ಮಾಡಿ, "ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಹೊಡೆದ ಮದ್ದಿಗೂ ಏನೂ ಆಗುವುದಿಲ್ಲ ಅಂತಲೇ ಹೇಳಿದ್ದರಲ್ವಾ?" ಅಂದರು. ಎಂಡೋಸಲ್ಫಾನ್ ಎಂಬ ಆ ಕೀಟನಾಶಕದ ಪರಿಣಾಮ ಕಂಡ ಊರಿನವಳು ನಾನು. ಏನಂತ ಉತ್ತರ ಕೊಡಲಿ?

ಇಲ್ಲಿ ಮಕ್ಕಳ ಲೆಕ್ಕವೆಲ್ಲ ಇರುವುದು ಒಂದು ಕೆಂಪು ಪುಸ್ತಕದಲ್ಲಿ. ಒಂದು ದಿನ ಅದನ್ನು ಬಿಡಿಸಿದರೆ ಎಂಎಂಆರ್ ಜಾಗ ಖಾಲಿ. ಪಕ್ಕದಲ್ಲಿ ಹೆಲ್ತ್ ವಿಸಿಟರ್, ಅಂದರೆ ಮನೆಗೆ ಬಂದು ಮಕ್ಕಳನ್ನು ನೋಡುವ ನರ್ಸ್, ಪೆನ್ಸಿಲಿನಲ್ಲಿ ಬರೆದಿದ್ದಳು: 'ತಾಯಿ ನರ್ಸ್. ಯೋಚಿಸುತ್ತಿದ್ದಾರೆ.' ಅಷ್ಟೇ. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಐದು ತಿಂಗಳು ತಡವಾಗಿ ಹಾಕಿಸಿದೆ. ವೇಕ್‌ಫೀಲ್ಡನ ಆ ಲೇಖನವನ್ನು ಪತ್ರಿಕೆ ವಾಪಸ್ ಪಡೆದದ್ದು 2010ರಲ್ಲಿ. ಅದೇ ವರ್ಷ ಅವನ ಡಾಕ್ಟರಿಕೆಯೂ ಹೋಯಿತು.

2013ರಲ್ಲಿ ಇದೇ ಸ್ವಾನ್ಸಿ ಸುತ್ತಮುತ್ತ ದಡಾರ ಹಬ್ಬಿತು. 1,200ಕ್ಕೂ ಮೇಲೆ ಪ್ರಕರಣ, ಒಂದು ಸಾವು. ಆ ಭಯದ ದಿನಗಳಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳು ಅಷ್ಟರಲ್ಲಿ ಹೈಸ್ಕೂಲು ಮುಟ್ಟಿದ್ದರು. ಶನಿವಾರದ ಕ್ಲಿನಿಕ್ಕಿನಲ್ಲಿ ಉದ್ದ ಸಾಲು. ಸಾಲಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳೊಬ್ಬಳು, ಪಕ್ಕದಲ್ಲಿ ಅವಳಿಗಿಂತ ಎತ್ತರದ ಹದಿನಾಲ್ಕರ ಮಗ. "ಊರಿನವರಿಗೆಲ್ಲ ಚುಚ್ಚುತ್ತೀ, ನನಗೆ ಯಾಕೆ ಇಲ್ಲ ಅಂತ ಇವನೇ ಕೇಳಿದ" ಅಂದಳು. ಅಂದವಳು ಮುಖ ಆಚೆ ತಿರುಗಿಸಿಕೊಂಡಳು. ನಾನು ಸುಮ್ನೆ ಅವನ ತೋಳು ಒರೆಸಿದೆ.

ಇನ್ನು ನಿನ್ನ ಮಗನ ವಿಷಯ. ಒಂಬತ್ತು ತಿಂಗಳಿಗೆ ಹಾಕಿಸಿದ ಎಂಆರ್ (ದಡಾರ, ರುಬೆಲ್ಲಾ ಎರಡರದ್ದು) ಇಲ್ಲಿ ಲೆಕ್ಕಕ್ಕಿಲ್ಲ. ವರ್ಷ ತುಂಬುವ ಮುಂಚಿನ ದಡಾರದ ಡೋಸನ್ನು ಇವರು ಎಣಿಸುವುದಿಲ್ಲ. ಮಂಗನಬಾವಿನದ್ದು ಅದರಲ್ಲಿ ಇರುವುದೂ ಇಲ್ಲ. ವರ್ಷ ಆದ ಮೇಲೆ ಇಲ್ಲಿ ಎಂಎಂಆರ್ ಹಾಕಿಸಬೇಕು. 2026ರ ಜನವರಿಯಿಂದ ಅದಕ್ಕೆ ಚಿಕನ್ ಪಾಕ್ಸಿನದ್ದೂ ಸೇರಿದೆ. ಮಿದುಳಿನ ಪೊರೆಯ ಸೋಂಕು ಮೆನಿಂಜೈಟಿಸ್ ಬಿ ತಡೆಯುವ ಲಸಿಕೆ ನಮ್ಮ ಭಾರತದ ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಇಲ್ಲಿ 2015ರಿಂದ ಕೊಡುತ್ತಾರೆ. ಅದಕ್ಕೆ ಜ್ವರ ಸ್ವಲ್ಪ ಜಾಸ್ತಿ. ಪ್ಯಾರಾಸಿಟಮಾಲ್ ಎಷ್ಟು, ಯಾವಾಗ ಅಂತ ಅವರೇ ಹೇಳುತ್ತಾರೆ, ಹೆದರಬೇಡ. ಯಾವುದಕ್ಕೂ ದುಡ್ಡಿಲ್ಲ, ಒತ್ತಾಯವೂ ಇಲ್ಲ. ಬಂದ ವಾರವೇ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್, ಹತ್ತಿರ ಹೆಸರು ಬರೆಸು.

ಲಸಿಕೆ ಕಾರ್ಡಿನಲ್ಲಿ ಮಲಯಾಳದಲ್ಲಿ ಇರುವುದನ್ನೆಲ್ಲ ಹೊರಡುವ ಮುಂಚೆ ಇಂಗ್ಲಿಷಿನಲ್ಲಿ ಬರೆಸಿ, ಸಹಿ ಹಾಕಿಸಿಕೋ. ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೋ, ಸೂಟ್‌ಕೇಸಿನಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಪಕ್ಕ ಬೇಡ. ನನ್ನ ದೊಡ್ಡವನ ಕಾರ್ಡಿನ ಅರ್ಧ ತಾರೀಕು ಹಾಗೆಯೇ ಹೋಯಿತು. ಪಾಪ, ಅವನಿಗೆ ಕೆಲವನ್ನು ಎರಡೆರಡು ಸಲ ಚುಚ್ಚಿದರು.